ಮನೆಯ ಸೂರು ಯಾರಿಗೋಸ್ಕರ?

ಯುಗಾದಿ ಕಳೆದ ಮೇಲೆ, ಮುಂಗಾರು ಹಿಡಿಯುವದಕ್ಕೆ ಮುಂಚೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಹಳ್ಳಿಗಳಲ್ಲಿ ಹೊಸ ಮನೆ ಕಟ್ಟುವವರೂ ಹಳೆಯ ಮನೆಯನ್ನು ನೆಟ್ಟಗೆ ಮಾಡುವವರೂ ಬಹು ಮಂದಿ. ಗೋಡೆ ಎದ್ದ ಮೇಲೆ ಅವರಲ್ಲಿ ಪ್ರತಿಯೊಬ್ಬನೂ ಒಂದೇ ಪ್ರಶ್ನೆಯ ಮುಂದೆ ನಿಲ್ಲುತ್ತಾನೆ. ಮೇಲೆ ಏನು ಹಾಕಿಸಬೇಕು? ಹಿರಿಯರಂತೆ ಮಣ್ಣಿನ ಮಾಳಿಗೆಯೋ, ತಗಡೋ, ಸಿಮೆಂಟಿನ ಶೀಟೋ, ಹಂಚೋ, ಇಲ್ಲವೆ ಆರ್.ಸಿ.ಸಿ. ಛತ್ತೋ? ಇದು ಗೌಂಡಿಯೂ ಬಡಗಿಯೂ ಹೇಳತಕ್ಕ ಮಾತು, ನೀತಿಯನ್ನು ಬೋಧಿಸುವ ಪತ್ರಿಕೆಗೆ ಇದರಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ಅವರಿಗೆ ನಮ್ಮ ಉತ್ತರವು ಇದೇ: ಒಬ್ಬನು ಆರಿಸಿ ಮತ್ತೊಬ್ಬನು ಅದರ ಫಲವನ್ನು ಅನುಭವಿಸುವ ಸಂಗತಿ ಎಲ್ಲಿ ಉಂಟೋ, ಅಲ್ಲಿ ನ್ಯಾಯ ಅನ್ಯಾಯದ ಪ್ರಶ್ನೆಯೂ ಉಂಟು. ಮನೆಯ ಸೂರು ಅಂಥ ಸಂಗತಿಗಳಲ್ಲಿ ಒಂದು. ಆದದರಿಂದ ವಾಚಕರು ಸ್ವಲ್ಪ ಹೊತ್ತು ತಾಳ್ಮೆಯಿಂದ ನಮ್ಮೊಂದಿಗೆ ಆಲೋಚಿಸಬೇಕೆಂದು ಬೇಡುತ್ತೇವೆ.

ಮೊದಲು ಈ ಸೀಮೆಯ ಸ್ವಭಾವವನ್ನು ನೋಡೋಣ. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ನಾಲ್ಕು ತಾಲೂಕುಗಳು ೧೯೫೬ರಲ್ಲಿ ಕನ್ನಡ ನಾಡಿನೊಡನೆ ಕೂಡಿ, ೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಎನ್ನಿಸಿಕೊಂಡವು. ಗಂಗಾವತಿಯ ಕಡೆಗೆ ತುಂಗಭದ್ರೆಯ ಕಾಲುವೆಯ ನೀರು ಹರಿಯುವದರಿಂದ ಭತ್ತದ ಗದ್ದೆಗಳ ಹಸುರು ಉಂಟು. ಕುಷ್ಟಗಿ, ಯಲಬುರ್ಗಾದ ಕಡೆಗೆ ಜೋಳ, ಸಜ್ಜೆ, ಕಡಲೆಯ ಒಣ ಬೇಸಾಯವೇ ಹೆಚ್ಚು. ವರುಷಕ್ಕೆ ಬೀಳುವ ಮಳೆ ಸುಮಾರು ೫೫೦ರಿಂದ ೬೦೦ ಮಿಲಿಮೀಟರ್ ಮಾತ್ರ. ಆದರೆ ಅದು ಸಮವಾಗಿ ಬೀಳುವದಿಲ್ಲ. ತಿಂಗಳುಗಟ್ಟಲೆ ಮೋಡದ ಸುಳಿವಿಲ್ಲದೆ ಇದ್ದು, ಒಂದೆರಡು ದಿನಗಳಲ್ಲಿ ಹೊಳೆಯಂತೆ ಸುರಿಯುವದುಂಟು. ಚೈತ್ರ ವೈಶಾಖಗಳಲ್ಲಿ ಬಿಸಿಲು ೪೦ ಡಿಗ್ರಿಯನ್ನು ಮೀರುವದು. ಮುಂಗಾರಿಗೆ ಮುಂಚಿನ ಬಿರುಗಾಳಿಯು ಮರಗಳನ್ನು ಕೆಡವುವದು. ಹೀಗೆ ಬಿಸಿಲು, ಗಾಳಿ, ಅಕಾಲದ ಮಳೆ ಎಂಬ ಮೂವರು ವೈರಿಗಳನ್ನು ನಮ್ಮ ಸೂರು ಒಂದೇ ಮೈಯಿಂದ ತಡೆಯಬೇಕಾಗಿದೆ.

ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡವನ್ನು ಹತ್ತಿದವರು ಅಲ್ಲಿ ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಪುಟ್ಟ ಮನೆಗಳನ್ನು ಕಂಡಿರುವರು. ಜನರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ನಿಂತ ಬಂಡೆಗಳ ಮೇಲೆ ಒಂದು ದೊಡ್ಡ ಬಂಡೆಯನ್ನು ಮುಚ್ಚಿಗೆಯಾಗಿ ಹೊದಿಸಿದ ಇವು ಎರಡು ಸಾವಿರ ವರುಷಗಳಿಗೂ ಹಿಂದಿನವು. ಜೀವಂತರ ವಾಸಕ್ಕಲ್ಲ, ಸತ್ತವರ ನೆನಪಿಗಾಗಿ ಕಟ್ಟಿದವುಗಳು. ಇನ್ನು ಇಟಗಿಯಲ್ಲಿ ೧೧೧೨ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಕಲ್ಲಿನ ಮೇಲ್ಭಾಗವು ಇಂದಿಗೂ ನಿಂತಿದೆ. ಸತ್ತವರ ಸೂರೂ ದೇಗುಲದ ಸೂರೂ ಉಳಿದವು; ಅವುಗಳನ್ನು ಕಟ್ಟಿದ ಕೂಲಿಗಳು ಮಲಗಿದ ಸೂರು ಒಂದೂ ಉಳಿದಿಲ್ಲ. ಅದು ಹುಲ್ಲು, ದಂಟು, ಮಣ್ಣುಗಳದ್ದಾಗಿತ್ತೆಂದು ಊಹಿಸಬಹುದು. ಇದರಿಂದ ನಮಗೆ ಒಂದು ಎಚ್ಚರಿಕೆ ದೊರೆಯುತ್ತದೆ. ಬಹು ಕಾಲ ನಿಲ್ಲುವದೊಂದೇ ಸೂರಿನ ಗುಣವಾಗಿದ್ದರೆ ಗೋರಿಯ ಸೂರೇ ಎಲ್ಲಕ್ಕಿಂತ ಉತ್ತಮವೆನ್ನಬೇಕಾದೀತು. ಮನೆಯ ಸೂರಿಗೆ ಇರುವ ಕೆಲಸ ಬೇರೆ. ಅದರ ಕೆಳಗೆ ಉಸಿರಾಡುವವರು ಇದ್ದಾರೆ.

ನಮ್ಮ ಹಿರಿಯರು ಕಂಡುಕೊಂಡ ಉಪಾಯವು ಮಣ್ಣಿನ ಮಾಳಿಗೆ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಗೆದ್ದಲು ಹತ್ತದಂತೆ ಬೇವಿನ ಸೊಪ್ಪು, ಆಮೇಲೆ ಮೊಳದ ಹತ್ತಿರ ದಪ್ಪಕ್ಕೆ ಮಣ್ಣು, ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ಹೊದಿಕೆ. ಬೆಳೆಗೆ ಕೇಡಾದ ಈ ಸವುಳು ಮಣ್ಣನ್ನು ಮಾಳಿಗೆಗೆ ಆರಿಸಿದ್ದು ಬಹು ಜಾಣತನದ ಕೆಲಸ. ಯಾಕಂದರೆ ಅದರಲ್ಲಿರುವ ಸೋಡಿಯಂ ಎಂಬ ಅಂಶದಿಂದ ಜೇಡಿಯ ಕಣಗಳು ನೀರು ಬಿದ್ದೊಡನೆ ಬಿಚ್ಚಿ ಹರಡಿ ಸಂದುಗಳನ್ನು ಮುಚ್ಚುತ್ತವೆ. ಹೊಲದಲ್ಲಿ ನೀರು ಇಂಗಗೊಡದ ದೋಷವೇ ಮಾಳಿಗೆಯಲ್ಲಿ ಗುಣವಾಗುತ್ತದೆ. ಇಷ್ಟು ದಪ್ಪದ ಮಣ್ಣಿನೊಳಗೆ ಬಿಸಿಲಿನ ಕಾವು ಇಳಿಯುವದಕ್ಕೆ ಬಹಳ ತಾಸುಗಳು ಬೇಕು. ಮಧ್ಯಾಹ್ನದ ಉರಿ ಕೆಳಗೆ ಮುಟ್ಟುವಷ್ಟರಲ್ಲಿ ಹೊರಗೆ ರಾತ್ರಿಯ ತಂಪು ಬಂದಿರುತ್ತದೆ. ಬೆಳಕಿಂಡಿಯಿಂದ ಬೆಳಕು ಇಳಿಯುವದು, ಹೊಗೆ ಏರುವದು. ನಡು ಬೇಸಿಗೆಯಲ್ಲಿ ಇಂಥ ಮನೆಯನ್ನು ಹೊಕ್ಕವನಿಗೆ ಮರದ ನೆರಳನ್ನು ಹೊಕ್ಕ ಹಾಗಾಗುತ್ತದೆ.

ಹಾಗಾದರೆ ಎಲ್ಲರೂ ಮಾಳಿಗೆಯನ್ನೇ ಹಾಕಿಸಲಿ ಎನ್ನಬಹುದೋ? ಪಟ್ಟಣದಲ್ಲಿ ಫ್ಯಾನಿನ ಕೆಳಗೆ ಕುಳಿತು ಹಳ್ಳಿಯವರಿಗೆ ಹಾಗೆ ಬುದ್ಧಿ ಹೇಳುವವರು ಉಂಟು. ಅವರು ಮಾಳಿಗೆಯ ತಂಪನ್ನು ಹೊಗಳುತ್ತಾರೆ, ಅದರ ಭಾರವನ್ನು ಹೇಳುವದಿಲ್ಲ. ಮಣ್ಣಿನ ಮಾಳಿಗೆಯು ಒಂದು ಚದರ ಮೀಟರಿಗೆ ನೂರಾರು ಕಿಲೋ ತೂಗುತ್ತದೆ. ನೆನೆದರೆ ಇನ್ನೂ ಹೆಚ್ಚು. ತೊಲೆಗೆ ಗೆದ್ದಲು ಹತ್ತಿದರೆ, ಗೋಡೆಯ ಬುಡ ನೆನೆದರೆ, ಆ ಭಾರವೆಲ್ಲ ಮಲಗಿದವರ ಮೇಲೆಯೇ ಬೀಳುವದು. ೨೦೦೯ರ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೆ ಊರೂರುಗಳಲ್ಲಿ ಮಣ್ಣಿನ ಮನೆಗಳು ಸಾಲಾಗಿ ಕುಸಿದವು. ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸೀಮೆಯಲ್ಲಿ ಭೂಮಿ ನಡುಗಿದಾಗ, ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ನಿದ್ರಿಸುತ್ತಿದ್ದವರ ಮೇಲೆ ಬಿದ್ದು ಏಳು ಸಾವಿರಕ್ಕೂ ಮಿಕ್ಕಿ ಜನರು ಸತ್ತರು.

ಇದಕ್ಕಿಂತಲೂ ಆಳವಾದ ಮತ್ತೊಂದು ಸಂಗತಿ ಉಂಟು. ಮಾಳಿಗೆಯು ವರುಷ ವರುಷವೂ ಆರೈಕೆಯನ್ನು ಕೇಳುತ್ತದೆ. ಮಳೆಗೆ ಮುಂಚೆ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಸವುಳು ಹರಡಬೇಕು. ಮಳೆಯ ನಡುವೆ ಯಾರಾದರೂ ಏರಿ ತುಳಿದು ಸರಿಮಾಡಬೇಕು. ಹಿಂದೆ ಓಣಿಯವರು ಮುಯ್ಯಿಯಾಗಿ ಕೂಡಿ, ಇಂದು ನಿನ್ನ ಮಾಳಿಗೆ, ನಾಳೆ ನನ್ನದು ಎಂದು ಈ ಕೆಲಸವನ್ನು ತೀರಿಸುತ್ತಿದ್ದರು. ಈಗ ಕುಷ್ಟಗಿ, ಯಲಬುರ್ಗಾದ ಎಷ್ಟೋ ಕುಟುಂಬಗಳು ಸುಗ್ಗಿಯಾದ ಮೇಲೆ ಬೆಂಗಳೂರು, ಮಂಗಳೂರು, ಗೋವೆಗಳ ಕಡೆಗೆ ಗುಳೆ ಹೋಗುತ್ತವೆ. ಮನೆಗೆ ಬೀಗ, ಇಲ್ಲವೆ ಮುದುಕಿಯೂ ಮೊಮ್ಮಕ್ಕಳೂ ಮಾತ್ರ. ಆ ಮುದುಕಿ ಮಾಳಿಗೆ ಏರಿ ಮಣ್ಣು ತುಳಿಯಬೇಕೇ? ಮನೆಯಲ್ಲಿ ಇದ್ದು ನೋಡಿಕೊಳ್ಳುವವರಿದ್ದಾಗ ಅತ್ಯುತ್ತಮವಾದ ಸೂರು, ನೋಡುವವರಿಲ್ಲದಾಗ ಅತಿ ಅಪಾಯದ ಸೂರಾಗುತ್ತದೆ. ಆದಕಾರಣ ಹಳೆಯದನ್ನು ಬಿಟ್ಟವರನ್ನು ಹಿರಿಯರ ಮಾರ್ಗ ಬಿಟ್ಟವರೆಂದು ದೂಷಿಸುವದು ನ್ಯಾಯವಲ್ಲ. ಮಾಳಿಗೆಯನ್ನು ಎತ್ತಿ ಹಿಡಿದದ್ದು ಕಂಬ ತೊಲೆಗಳು ಮಾತ್ರವಲ್ಲ, ಊರಿನಲ್ಲೇ ಉಳಿದ ಜನರೂ ಹೌದು. ಊರಿನಲ್ಲಿ ಅವರಿಗೆ ಕೆಲಸವಿಲ್ಲದೆ ಹೋದರೆ ಮಾಳಿಗೆಯೂ ನಿಲ್ಲಲಾರದು.

ಈಗ ತಗಡಿನ ಮಾತು. ಅದು ಹಗುರ, ಒಂದೇ ದಿನದಲ್ಲಿ ಮುಗಿಯುವ ಕೆಲಸ, ಮಳೆಗೆ ಸೋರದು, ಬೇಡವಾದರೆ ಬಿಚ್ಚಿ ಮಾರಬಹುದು. ಬಡವನು ಅದನ್ನು ಆರಿಸಿದರೆ ಆಶ್ಚರ್ಯವಿಲ್ಲ. ಆದರೆ ವೈಶಾಖದ ಮಧ್ಯಾಹ್ನದಲ್ಲಿ ಕೈಯಿಂದ ಮುಟ್ಟಲಾರದಷ್ಟು ಕಾಯುವ ಈ ತೆಳು ಲೋಹವು ಮೇಲಿನ ಬಿಸಿಲನ್ನು ಕೂಡಲೇ ಕೆಳಗಿನವರ ತಲೆಗೆ ದಾಟಿಸುತ್ತದೆ. ಕೆಳಗಿರುವವರು ಯಾರು? ಇದೇ ನಮ್ಮ ಪ್ರಶ್ನೆಯ ತಿರುಳು. ತಗಡನ್ನು ಕೊಂಡು ತಂದ ಯಜಮಾನನು ಆ ಹೊತ್ತಿಗೆ ಹೊಲದಲ್ಲಿಯೋ ಸಂತೆಯಲ್ಲಿಯೋ ಬೇವಿನ ಕಟ್ಟೆಯ ಮೇಲೆಯೋ ಇರುತ್ತಾನೆ. ಒಳಗಿರುವವರು ಒಲೆಯ ಮುಂದೆ ರೊಟ್ಟಿ ಬಡಿಯುವ ಹೆಂಗಸು, ಬಾಣಂತಿ, ತೊಟ್ಟಿಲಿನ ಕೂಸು, ಹಾಸಿಗೆ ಹಿಡಿದ ಮುದುಕರು. ಹೊರಗೆ ಹೋಗಲಾರದವರೇ ಸೂರಿನ ಕೆಳಗೆ ಹೆಚ್ಚು ಹೊತ್ತು ಇರುವವರು. ಶೆಕೆಯನ್ನು ತಾಳುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವರೂ ಅವರೇ. ಹೀಗಿರಲಾಗಿ ತಗಡಿನ ಬೆಲೆಯಲ್ಲಿ ಉಳಿದ ಹಣವು ನಿಜವಾಗಿ ಉಳಿತಾಯವಲ್ಲ. ಆ ಬೆಲೆಯನ್ನು ಅಂಗಡಿಯಲ್ಲಿ ಕೊಡುವ ಬದಲು ದಿನ ದಿನವೂ ಬೆವರಿನಿಂದ ಕೊಡಲಾಗುತ್ತದೆ. ಅದನ್ನು ಕೊಡುವವರು ಮಾತ್ರ ಬೇರೆಯವರು.

ಸಿಮೆಂಟಿನ ಶೀಟುಗಳಲ್ಲಿ ಆಸ್ಬೆಸ್ಟಾಸ್ ಎಂಬ ನಾರುಗಲ್ಲನ್ನು ಕೂಡಿಸಿದವುಗಳ ವಿಷಯವಾಗಿ ಇನ್ನೊಂದು ಎಚ್ಚರಿಕೆ ಬೇಕು. ಎಲ್ಲಾ ಬಗೆಯ ಆಸ್ಬೆಸ್ಟಾಸ್ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸ್ಪಷ್ಟವಾಗಿ ಹೇಳಿದೆ. ಹಲವು ದೇಶಗಳು ಅದನ್ನು ಪೂರ್ತಿಯಾಗಿ ನಿಷೇಧಿಸಿವೆ. ಶೀಟನ್ನು ಕೊಯ್ಯುವಾಗ, ತೂತು ಹಾಕುವಾಗ, ಒಡೆಯುವಾಗ ಏಳುವ ಧೂಳು ಶ್ವಾಸಕೋಶವನ್ನು ಸೇರಿ, ಬಹು ವರುಷಗಳ ಮೇಲೆ ರೋಗವಾಗಿ ಕಾಣಿಸಿಕೊಳ್ಳುವದು. ಇಲ್ಲಿ ಕಷ್ಟವನ್ನು ಅನುಭವಿಸುವವನು ಮನೆಯವನೂ ಅಲ್ಲದಿರಬಹುದು. ಒಂದು ದಿನದ ಕೂಲಿಗಾಗಿ ಬಂದು ಕೊಯ್ದು ಕೊಟ್ಟು ಹೋದ ಹುಡುಗನಾಗಿರಬಹುದು. ಅವನ ಹೆಸರು ಸಹ ನಮಗೆ ನೆನಪಿರದು. ಕಣ್ಣ ಮುಂದೆ ಇಲ್ಲದವನಿಗೆ, ಬಹು ಕಾಲದ ಮೇಲೆ ಆಗುವ ಕೇಡೂ ನಮ್ಮ ಲೆಕ್ಕದಲ್ಲಿ ಸೇರಬೇಕು.

ಹಂಚಿನ ಕಥೆಯನ್ನು ನಮ್ಮ ಸಭೆಗಳ ಹಿರಿಯರು ಬಲ್ಲರು. ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಸಭೆಗೆ ಸೇರಿ ತಮ್ಮ ಕಸುಬನ್ನೂ ಬಂಧುಗಳನ್ನೂ ಕಳಕೊಂಡವರಿಗೆ ಕೆಲಸ ಕೊಡುವದು ಆ ಉದ್ಯೋಗಗಳ ಉದ್ದೇಶಗಳಲ್ಲಿ ಒಂದಾಗಿತ್ತು. ಹೀಗೆ ಒಬ್ಬನ ಸೂರು ಮತ್ತೊಬ್ಬನಿಗೆ ಅನ್ನವಾಯಿತು. ಆದರೂ ಒಳ್ಳೆಯ ಉದ್ದೇಶದಿಂದ ಹುಟ್ಟಿದ ವಸ್ತು ಎಲ್ಲಾ ಕಡೆಗೂ ಸಮನಾಗಿ ಹೊಂದುವದೆಂದು ತಿಳಿಯಬಾರದು. ಮಂಗಳೂರು ಹಂಚು ಕರಾವಳಿಯ ಭಾರೀ ಮಳೆಯನ್ನು ಇಳಿಜಾರಿನಿಂದ ಹರಿಸುವದಕ್ಕೆ ತಕ್ಕದ್ದು. ನಮ್ಮ ಕಡೆಗೆ ತಗಡಿಗಿಂತ ಅದು ಎಷ್ಟೋ ತಂಪು. ಸಂದುಗಳಿಂದ ಗಾಳಿ ಆಡುವದು. ಆದರೆ ಅದೇ ಸಂದುಗಳಿಂದ ಬೇಸಿಗೆಯ ಧೂಳೂ ಇಳಿಯುವದು. ಕೋತಿಗಳ ಕಾಟವಿರುವ ಊರಲ್ಲಿ ಒಡೆದ ಹಂಚನ್ನು ಬದಲಿಸುವ ಕೆಲಸ ಮುಗಿಯದು. ಇಳಿಜಾರಿನ ಸೂರಿನ ಮೇಲೆ ಕಾಳು, ಮೆಣಸಿನಕಾಯಿ ಒಣಗಿಸುವದೂ ಬೇಸಿಗೆಯ ರಾತ್ರಿ ಮಲಗುವದೂ ಆಗದು.

ಇನ್ನು ಆರ್.ಸಿ.ಸಿ. ಛತ್ತು. ಸರಿಯಾಗಿ ಕಟ್ಟಿದರೆ ಗಾಳಿಗೂ ಮಳೆಗೂ ಅಂಜದ ಸೂರು ಇದೇ. ಗುಳೆ ಹೋಗುವವನು ಬೀಗ ಹಾಕಿ ನಿಶ್ಚಿಂತೆಯಿಂದ ಹೋಗಬಹುದು. ಆದರೆ ನಾಲ್ಕೈದು ಅಂಗುಲದ ಆ ಛತ್ತು ಹಗಲೆಲ್ಲಾ ಕುಡಿದ ಕಾವನ್ನು ಸಂಜೆಯಿಂದ ನಡುರಾತ್ರಿಯ ವರೆಗೂ ಕೋಣೆಯೊಳಗೆ ಬಿಡುತ್ತದೆ. ಅದಲ್ಲದೆ ಅದರೊಂದಿಗೆ ಮಾನದ ಮಾತೂ ಬಂದು ಸೇರಿದೆ. ಛತ್ತಿನ ಮನೆಯಿದ್ದರೆ ಮಗನಿಗೆ ಹೆಣ್ಣು ಕೊಡುತ್ತಾರೆ, ಓಣಿಯಲ್ಲಿ ತಲೆ ಎತ್ತಿ ನಡೆಯಬಹುದು ಎಂಬ ಆಸೆಯಿಂದ ಸಾಲ ಮಾಡಿ ಹಾಕಿಸುವವರು ಉಂಟು. ೧೯೮೫ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆಯಿಂದಲೂ, ೨೦೧೬ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆಯಿಂದಲೂ ಸರಕಾರದ ಸಹಾಯ ದೊರೆತವರಲ್ಲಿಯೂ, ಆ ಹಣಕ್ಕೆ ಮೀರಿ ಮನೆ ಎತ್ತಿ ಸಾಲಕ್ಕೆ ಸಿಕ್ಕವರಿದ್ದಾರೆ. ಮನೆ ಕಟ್ಟಿ ನೋಡು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಸೂರಿನ ಸಾಲ ತೀರಿಸುವದಕ್ಕೆ ತಂದೆ ತಾಯಿ ಇಬ್ಬರೂ ಪರವೂರಿನ ಶೆಡ್ಡಿನಲ್ಲಿ ವರುಷಗಟ್ಟಲೆ ಮಲಗಬೇಕಾದರೆ, ಆ ಸೂರು ಯಾರಿಗೆ ನೆರಳಾಯಿತು?

ಇಷ್ಟನ್ನು ಓದಿದ ವಾಚಕರಲ್ಲಿ ಕೆಲವರು ಹೀಗೆ ಹೇಳಿಯಾರು: ಬಡವನಿಗೆ ಆರಿಸುವದಕ್ಕೆ ಏನಿದೆ? ಕೈಯಲ್ಲಿದ್ದ ಹಣಕ್ಕೆ ಸಿಕ್ಕಿದ್ದನ್ನು ಹೊದಿಸುತ್ತಾನೆ. ಅವನ ಮುಂದೆ ನೀತಿಯ ಮಾತನ್ನು ಆಡುವದು ಗಾಯಕ್ಕೆ ಉಪ್ಪು ಸವರಿದಂತೆ. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಆರಿಸುವ ಶಕ್ತಿ ಎಷ್ಟೋ ಹೊಣೆಯೂ ಅಷ್ಟೇ. ಆರಿಸಲಾರದವನನ್ನು ನಾವು ದೂರುವದಿಲ್ಲ. ಆದರೆ ಅಲ್ಲಿಗೆ ಹೊಣೆಯು ಇಲ್ಲದೆ ಹೋಗುವದಿಲ್ಲ. ಅದು ಶಕ್ತಿಯುಳ್ಳವರ ಮೇಲೆ ಬರುತ್ತದೆ. ಕೂಲಿಯವನ ಸಂಬಳವನ್ನು ತಡೆಯುವ ಧಣಿಯ ಮೇಲೆ, ಮನೆಗಳ ನಕ್ಷೆಯನ್ನು ದೂರದಲ್ಲಿ ಕುಳಿತು ಬರೆಯುವವರ ಮೇಲೆ, ಮುಯ್ಯಿಯನ್ನು ಮರೆತ ನೆರೆಹೊರೆಯವರಾದ ನಮ್ಮ ಮೇಲೆ ಬರುತ್ತದೆ. ತೆಲಂಗಾಣ ರಾಜ್ಯವು ೨೦೨೩ರಲ್ಲಿ ಸೂರುಗಳನ್ನು ತಂಪಾಗಿಡುವದಕ್ಕೋಸ್ಕರವೇ ಒಂದು ನೀತಿಯನ್ನು ಪ್ರಕಟಿಸಿತು. ಇದು ಒಬ್ಬೊಬ್ಬನ ಮನೆಯ ಮಾತು ಮಾತ್ರವಲ್ಲ, ಎಲ್ಲರೂ ಕೂಡಿ ಹೊರಬೇಕಾದ ಭಾರವೆಂಬದಕ್ಕೆ ಇದು ಸಾಕ್ಷಿ.

ಅಲ್ಲದೆ ದೊಡ್ಡ ಆಯ್ಕೆ ಇಲ್ಲದ ಕಡೆಗೂ ಚಿಕ್ಕ ಆಯ್ಕೆಗಳು ಉಳಿದಿರುತ್ತವೆ. ಛತ್ತಿನ ಮೇಲೂ ತಗಡಿನ ಮೇಲೂ ಬೇಸಿಗೆಗೆ ಮುಂಚೆ ಬಿಳಿ ಸುಣ್ಣವನ್ನು ದಪ್ಪವಾಗಿ ಬಳಿದರೆ ಬಿಸಿಲಿನ ಹೆಚ್ಚಿನ ಪಾಲು ಹಿಂದಕ್ಕೆ ತಿರುಗಿ ಒಳಗಿನ ಶೆಕೆ ತಗ್ಗುವದು. ತಗಡಿನ ಕೆಳಗೆ ಒಂದು ಗೇಣು ಗಾಳಿಯ ಸಂದು ಬಿಟ್ಟು ಚಾಪೆಯನ್ನು ಕಟ್ಟಬಹುದು; ಬೆಂಕಿ ಹತ್ತೀತೆಂಬ ಎಚ್ಚರದಿಂದ ಒಲೆಯ ಮೇಲಿನ ಭಾಗವನ್ನು ಮಾತ್ರ ಬಿಡಬೇಕು. ಗೋಡೆಯನ್ನು ಎರಡು ಸಾಲು ಎತ್ತರಿಸಿ, ಎದುರೆದುರಿಗೆ ಕಿಂಡಿಗಳನ್ನು ಇಡಬಹುದು. ಪಡುವಣ ಗೋಡೆಯ ಬಳಿ ಬೇವನ್ನು ನೆಡಬಹುದು. ಅದು ಬೆಳೆಯುವ ತನಕ ಸೋರೆ, ಹೀರೆಯ ಬಳ್ಳಿಯನ್ನು ಹಬ್ಬಿಸಬಹುದು. ಇವುಗಳಿಗೆ ಹಣಕ್ಕಿಂತ ಒಳಗಿರುವವರ ಮೇಲಿನ ಲಕ್ಷ್ಯವು ಹೆಚ್ಚಾಗಿ ಬೇಕು.

ಸೂರು ನೆರೆಯವನಿಗೂ ಸಂಬಂಧಪಟ್ಟದ್ದು. ಮಾಳಿಗೆಯ ಸುತ್ತಲೂ ಕೈಗೋಡೆ ಕಟ್ಟಬೇಕು, ಇಲ್ಲವಾದರೆ ಅಲ್ಲಿಂದ ಬಿದ್ದವನ ರಕ್ತದ ಅಪರಾಧ ಮನೆಯ ಮೇಲೆ ಬರುವದೆಂದು ಧರ್ಮೋಪದೇಶಕಾಂಡದ ೨೨ನೇ ಅಧ್ಯಾಯದಲ್ಲಿ ಮೋಶೆಯ ನಿಯಮವು ಹೇಳಿತು. ಅಲ್ಲಿಯವರ ಮನೆಗಳೂ ನಮ್ಮವುಗಳಂತೆ ಮಣ್ಣಿನ ಸಮತಟ್ಟಾದ ಮಾಳಿಗೆಗಳೇ. ತನ್ನ ಮನೆಯ ಮೇಲೆ ತಾನು ಏನು ಮಾಡಿದರೂ ಯಾರು ಕೇಳುವರು ಎಂಬ ಮಾತಿಗೆ ಆ ಪುರಾತನ ಕಾನೂನು ಉತ್ತರವಾಗಿದೆ. ಸರಿಯಾಗಿ ಬಿಗಿಯದೆ ಕಲ್ಲು ಹೇರಿ ಬಿಟ್ಟ ತಗಡು ಬಿರುಗಾಳಿಗೆ ಹಾರಿ ಓಣಿಯ ಕೂಸಿನ ಮೇಲೆ ಬಿದ್ದರೆ, ಗಾಳಿಯ ತಪ್ಪು ಎನ್ನಬಾರದು.

ಮತ್ತೊಂದು ಲಾಭವನ್ನೂ ಇಲ್ಲಿ ನೆನಪಿಸುತ್ತೇವೆ. ಕುಷ್ಟಗಿ, ಯಲಬುರ್ಗಾದ ಹಲವು ಊರುಗಳ ಕೊಳವೆ ಬಾವಿಗಳಲ್ಲಿ ಮಿತಿ ಮೀರಿದ ಫ್ಲೋರೈಡ್ ಇದ್ದು, ಹಲ್ಲೂ ಎಲುಬೂ ಕೆಡುತ್ತವೆ. ಶುದ್ಧವಾದ ಛತ್ತಿನಿಂದ ಮಳೆನೀರನ್ನು ಹಿಡಿಯಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ೩೦ ಚದರ ಮೀಟರಿನ ಸೂರಿನ ಮೇಲೆ ವರುಷಕ್ಕೆ ೫೫೦ ಮಿಲಿಮೀಟರ್ ಬಿದ್ದರೆ ೧೬,೫೦೦ ಲೀಟರ್. ಐದರಲ್ಲಿ ಒಂದು ಪಾಲು ಹಾಳಾದರೂ ೧೩,೨೦೦ ಉಳಿಯುವದು. ಐದು ಮಂದಿಯ ಮನೆಗೆ ಕುಡಿಯುವದಕ್ಕೂ ಅಡಿಗೆಗೂ ದಿನಕ್ಕೆ ೨೫ ಲೀಟರಿನಂತೆ ಲೆಕ್ಕ ಹಾಕಿದರೆ, ಅದನ್ನೆಲ್ಲಾ ಕೂಡಿಡುವ ತೊಟ್ಟಿ ಇದ್ದಲ್ಲಿ, ಒಂದು ವರುಷಕ್ಕೂ ಹೆಚ್ಚು ಸಾಲುವದು. ಚಿಕ್ಕ ತೊಟ್ಟಿಯಾದರೂ ಕೆಲವು ತಿಂಗಳು ಮಕ್ಕಳ ಎಲುಬನ್ನು ಕಾಯುವದು. ಮಣ್ಣಿನ ಮಾಳಿಗೆಯಿಂದ ಇಂಥ ನೀರು ದೊರೆಯದು. ಆಸ್ಬೆಸ್ಟಾಸಿನ ಶೀಟಿನಿಂದ ಹಿಡಿಯುವದು ಬೇಡ.

ಹಾಗಾದರೆ ಯಾವದನ್ನು ಹಾಕಿಸಬೇಕು? ಇದೊಂದೇ ಉತ್ತಮವೆಂದು ನಾವು ಹೇಳಲಾರೆವು. ಮನೆಯಲ್ಲಿ ವರುಷವೆಲ್ಲಾ ಇದ್ದು ಆರೈಕೆ ಮಾಡುವ ಗಟ್ಟಿಗರು ಇದ್ದು, ಗೋಡೆಯೂ ಮರವೂ ದೃಢವಾಗಿದ್ದರೆ, ಹಳೆಯ ಮಾಳಿಗೆಯನ್ನು ಅವಸರದಿಂದ ಕೆಡವುವದು ಬುದ್ಧಿವಂತಿಕೆಯಲ್ಲ. ಗುಳೆ ಹೋಗುವ ಮನೆಗೆ, ಸಾಲವಿಲ್ಲದೆ ಆಗುವ ಪಕ್ಷದಲ್ಲಿ, ಸುಣ್ಣ ಬಳಿದ ಚಿಕ್ಕ ಛತ್ತು ಒಳ್ಳೆಯದು. ತಗಡೇ ಗತಿಯಾದವನು ಮೇಲೆ ಹೇಳಿದ ಚಿಕ್ಕ ಉಪಾಯಗಳನ್ನು ಬಿಡದಿರಲಿ. ಆದರೆ ಯಾವದನ್ನೇ ಆರಿಸಲಿ, ಆರಿಸುವ ರೀತಿಯಲ್ಲಿ ಒಂದು ನಿಯಮವು ಎಲ್ಲರಿಗೂ ಸಲ್ಲುವದು: ಅದರ ಕೆಳಗೆ ಹೆಚ್ಚು ಹೊತ್ತು ಇರುವವರನ್ನು ಮೊದಲು ಕೇಳಬೇಕು.

ನಮ್ಮ ಸೀಮೆಯಲ್ಲಿ ಹೊಲ, ಎತ್ತು, ಸೂರು ಇವುಗಳ ಮಾತು ಗಂಡಸರದು ಎಂಬ ರೂಢಿ ಇದೆ. ಈಜಿಪ್ತ ದೇಶದಲ್ಲಿ ಹಸನ್ ಫಾತಿ ಎಂಬ ಪ್ರಸಿದ್ಧ ಶಿಲ್ಪಿಯು ೧೯೪೦ರ ದಶಕದಲ್ಲಿ ಗುರ್ನಾ ಎಂಬ ಊರಿನ ಬಡವರಿಗೋಸ್ಕರ ಮಣ್ಣಿನ ಇಟ್ಟಿಗೆಯ ಗುಮ್ಮಟದ ಸೂರುಗಳುಳ್ಳ ಹೊಸ ಊರನ್ನು ಕಟ್ಟಿದನು. ಮನೆಗಳು ತಂಪಾಗಿದ್ದವು, ಅಂದವಾಗಿಯೂ ಇದ್ದವು. ಆದರೂ ಆ ಜನರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಲಿಲ್ಲ. ತಮ್ಮ ಹಳೆಯ ಸ್ಥಳವನ್ನೂ ಜೀವನೋಪಾಯವನ್ನೂ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಗುಮ್ಮಟವೋ ಅವರ ಕಣ್ಣಿಗೆ ಗೋರಿಯ ಗುರುತಾಗಿತ್ತು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಒಳ್ಳೆಯ ಸೂರೂ, ಅದರ ಕೆಳಗೆ ಬಾಳಬೇಕಾದವರ ಮನಸ್ಸು ಕೂಡದಿದ್ದರೆ ಬರಿದಾಗಿ ನಿಲ್ಲುವದು. ಇದು ಊರು ಕಟ್ಟುವ ಶಿಲ್ಪಿಗೆ ಹೇಗೋ ಮನೆ ಕಟ್ಟುವ ಯಜಮಾನನಿಗೂ ಹಾಗೆಯೇ.

ಆದದರಿಂದ ಪ್ರಿಯ ವಾಚಕರೇ, ಈ ವರುಷ ಸೂರು ಹಾಕಿಸುವವರು ನಿಮ್ಮಲ್ಲಿ ಇದ್ದರೆ, ಪೇಟೆಗೆ ಹೋಗಿ ಬೆಲೆ ಕೇಳುವದಕ್ಕೆ ಮುಂಚೆ, ನಡು ಮಧ್ಯಾಹ್ನದಲ್ಲಿ ತಗಡಿನದೊಂದು, ಛತ್ತಿನದೊಂದು, ಮಾಳಿಗೆಯದೊಂದು, ಹೀಗೆ ಮೂರು ಮನೆಗಳಲ್ಲಿ ಒಂದೊಂದು ತಾಸು ಕೂತು ನೋಡಿರಿ. ಆ ಹೊತ್ತಿನಲ್ಲಿ ಅಲ್ಲಿ ಇರುವವರು ಯಾರೆಂದು ಕಣ್ಣು ತೆರೆದು ಕಾಣಿರಿ. ಆಮೇಲೆ ನಿಮ್ಮ ಮನೆಗೆ ಬಂದು, ಒಲೆಯ ಮುಂದೆ ಕೂತವಳನ್ನೂ ಮೂಲೆಯಲ್ಲಿ ಮಲಗಿದ ಹಿರಿಯರನ್ನೂ ಕೇಳಿರಿ. ಅವರು ಹೇಳಿದ್ದೆಲ್ಲಾ ನಿಮ್ಮ ಕೈಯಿಂದ ಆಗದೆ ಹೋಗಬಹುದು; ಆದರೆ ಕೇಳಿದ ಮೇಲೆ ಆರಿಸಿದ್ದಕ್ಕೂ ಕೇಳದೆ ಆರಿಸಿದ್ದಕ್ಕೂ ಇರುವ ಅಂತರವನ್ನು ಅವರು ಆ ಸೂರಿನ ಕೆಳಗೆ ಪ್ರತಿದಿನವೂ ಬಲ್ಲರು.